ದೊಡ್ಡ ಅರ್ಧ, ಸಣ್ಣ ಅರ್ಧ

ಅಮ್ಮ ಮಾತ್ರೆ ಕತ್ತರಿಸುತ್ತಿದ್ದದ್ದು ಅಡಕತ್ತರಿಯಲ್ಲಿ. ಬೆಳಗಿನ ಕಾಫಿ ಮುಗಿದ ಮೇಲೆ ಜಗಲಿಯ ಕೆಂಪು ಗಾರೆ ನೆಲದ ಮೇಲೆ ಹಳೇ ಪೇಪರಿನ ತುಂಡು ಹಾಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, 5 ಎಂಜಿಯ ಅಮ್ಲೋಡಿಪಿನ್ ಮಾತ್ರೆಯೊಂದನ್ನು ಅಡಕತ್ತರಿಯ ಬಾಯಿಗಿಟ್ಟು, ಉಸಿರು ಬಿಗಿ ಹಿಡಿದು 'ಟಕ್' ಎನ್ನಿಸುವಳು. ಅರ್ಧ ಮಾಡಲೆಂದೇ ಮಾತ್ರೆಯ ನೆತ್ತಿಯ ಮೇಲೆ ಒಂದು ಗೆರೆ ಇರುತ್ತದೆ. ಆದರೆ ಅರವತ್ತು ವರ್ಷ ಗೋಟಡಿಕೆ ಕತ್ತರಿಸಿದ ಅಡಕತ್ತರಿಗೆ ಗೆರೆಯ ಮಾತು ಕೇಳಿ ಅಭ್ಯಾಸವಿಲ್ಲ. ಒಂದು ತುಂಡು ಪೇಪರಿನ ಮೇಲೆ ಉಳಿದರೆ ಇನ್ನೊಂದು ಹಾರಿ ಕಂಬದ ಬುಡವನ್ನೋ ಅಪ್ಪಯ್ಯನ ಚಪ್ಪಲಿಯ ಸಂದಿಯನ್ನೋ ಸೇರುತ್ತಿತ್ತು. ಆಮೇಲೆ ಇಬ್ಬರೂ ಮಂಡಿಯೂರಿ ಹುಡುಕುವುದು. ಆ ಹೊತ್ತಿನಲ್ಲಿ ಅಪ್ಪಯ್ಯನ ಬಿಪಿ ನೋಡಿದ್ದರೆ ಇಡೀ ಮಾತ್ರೆಯೇ ಬೇಕಾಗುತ್ತಿತ್ತು.

ಸಿಕ್ಕಿದ ಎರಡು ತುಂಡುಗಳನ್ನು ಅಮ್ಮ ಅಂಗೈಯಲ್ಲಿಟ್ಟು ನೋಡುವಳು. ಒಂದು ಯಾವಾಗಲೂ ದೊಡ್ಡದು, ಒಂದು ಸಣ್ಣದು. ಅದಕ್ಕೆ ಅವಳದೇ ಒಂದು ಶಾಸ್ತ್ರವಿತ್ತು. ಕೋರ್ಟಿನ ವಾಯಿದೆ ಇದ್ದ ದಿನ ದೊಡ್ಡ ಅರ್ಧ. ಮನೆಯಲ್ಲೇ ಇರುವ ದಿನ ಸಣ್ಣ ಅರ್ಧ. ಬೇಣದ ಗಡಿಯ ವಿಷಯದಲ್ಲಿ ದಾಯಾದಿಗಳ ಜೊತೆ ನಮ್ಮದೊಂದು ಕೇಸು ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನಡೆಯುತ್ತಿತ್ತು. ಮೂರು ವಕೀಲರು ಅದರಲ್ಲೇ ಮುದುಕರಾದರು. ವಾಯಿದೆಯಲ್ಲದೆ ದೊಡ್ಡ ಅರ್ಧಕ್ಕೆ ಬೇರೆ ಯೋಗ್ಯತಾಪತ್ರಗಳೂ ಇದ್ದವು: ಅಡಿಕೆ ಧಾರಣೆ ಬಿದ್ದ ದಿನ, ಕೊನೆ ಕೊಯ್ಯಲು ಕೊನೆಗೌಡ ಹೇಳಿದ ದಿನಕ್ಕೆ ಬಾರದ ದಿನ, ನನ್ನ ಷಡ್ಡಕ ಬಂದು ಹೋದ ದಿನ. ಯಾರಾದರೂ ಕೇಳಿದರೆ ಅಮ್ಮ ಇದನ್ನು ಮಜ್ಜಿಗೆಹುಳಿ ಮಾಡುವ ಕ್ರಮದಷ್ಟೇ ನೇರವಾಗಿ ವಿವರಿಸುತ್ತಿದ್ದಳು. "ಸಿಟ್ಟು ಜಾಸ್ತಿ ಬರೋ ದಿನ ಮದ್ದೂ ಜಾಸ್ತಿ ಬೇಕಲ್ದಾ?"

ಕೇಳಿದವರು ಹೌದೆಂದು ತಲೆದೂಗುತ್ತಿದ್ದರು. ನಾನೂ ತೂಗಿದ್ದೇನೆ.

ನಮ್ಮ ಮನೆಗೆ ಬಿಪಿ ಬಂದದ್ದು 1988ರಲ್ಲಿ, ಮನೆಗೆ ಫೋನ್ ಬರುವುದಕ್ಕಿಂತ ಎರಡು ವರ್ಷ ಮೊದಲು. ಅದಕ್ಕೂ ಮುಂಚೆ ಅಜ್ಜನಿಗೆ ಇತ್ತೋ ಇಲ್ಲವೋ ತಿಳಿಯದು. ಅಳೆಯುವವರಿಲ್ಲದ ಕಾಲದಲ್ಲಿ ಅದಕ್ಕೆ 'ಮೂಗಿನ ತುದಿಯ ಸಿಟ್ಟು' ಎಂದಷ್ಟೇ ಹೆಸರು. ನಿದ್ದೆ ಬಾರದವರಿಗೆ, ತಲೆ ಕೆಟ್ಟವರಿಗೆ ಊರಿನ ಪಂಡಿತರು ಸರ್ಪಗಂಧಿಯ ಬೇರನ್ನು ತೇಯ್ದು ಕೊಡುತ್ತಿದ್ದರಂತೆ. ಗುಲಗಂಜಿ ತೂಕದ ಲೆಕ್ಕ. ಬೇರು ಎಳೆಯದೋ ಬಲಿತದ್ದೋ, ಯಾವ ಗುಡ್ಡದ್ದೋ, ಅದರಲ್ಲಿ ಸತ್ವ ಎಷ್ಟೋ ಗುಲಗಂಜಿಗೆ ಗೊತ್ತಾಗುವುದಿಲ್ಲವಲ್ಲ. ಅದೇ ಬೇರನ್ನು ರಕ್ತದೊತ್ತಡಕ್ಕೆ ಕೊಟ್ಟು ನೋಡಿ ಬೊಂಬಾಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಇಂಗ್ಲೆಂಡಿನ ಹೃದಯರೋಗಗಳ ಪತ್ರಿಕೆಯಲ್ಲಿ ಬರೆದರು. ಜಗತ್ತೆಲ್ಲ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರೊಳಗಿನ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಮಿಲಿಗ್ರಾಮಿನ ಕಾಲು ಭಾಗ ಸಾಕು, ಅದಕ್ಕಿಂತ ಹೆಚ್ಚಾದರೆ ಮನುಷ್ಯ ಮಂಕಾಗಿ ಮೂಲೆ ಹಿಡಿಯುವ ಭಯ. ಅಜ್ಜನ ಕಾಲದಲ್ಲಿ ಊರಲ್ಲಿ ಕೆಲವರು ಮಾತೇ ಆಡದೆ ಜಗಲಿಯಲ್ಲಿ ಕೂತಿರುತ್ತಿದ್ದರು ಎಂದು ಕೇಳಿದ್ದೆ. ವೈರಾಗ್ಯ ಎಂದು ಎಲ್ಲರೂ ಕೈಮುಗಿಯುತ್ತಿದ್ದರಂತೆ. ಗುಲಗಂಜಿ ಒಂದೆರಡು ಹೆಚ್ಚಾಗಿತ್ತೋ ಏನೋ.

ಅಪ್ಪಯ್ಯನ ಮೊದಲ ಮದ್ದು ಮಾತ್ರ ವೈರಾಗ್ಯದ ಜಾತಿಯದಲ್ಲ, ಗರ್ನಾಲಿನ ಜಾತಿಯದು. 1990ರಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಬೀಗರ ಕಡೆಯವರ ಬಸ್ಸು ತಡವಾಗಿ ಬಂತು, ಬಂದವರೇ ಕಾಫಿ ಆರಿದೆ ಎಂದರು. ಅಪ್ಪಯ್ಯನ ಮುಖ ಕೆಂಪಾಯಿತು, ತಲೆ ಸಿಡಿಯುತ್ತದೆ ಎಂದ. ಅತಿಥಿಗಳಲ್ಲೇ ಒಬ್ಬ ಕಾಂಪೌಂಡರು ಇದ್ದರು. ಅವರು ಜೇಬಿನಿಂದ ಜೆಲ್ಲಿಯಂಥ ಪುಟ್ಟ ಕ್ಯಾಪ್ಸೂಲು ತೆಗೆದು, ಯಾರದೋ ಸೀರೆಯ ಪಿನ್ನು ಕೇಳಿ ಪಡೆದು, ಅದನ್ನು ಚುಚ್ಚಿ, ಒಳಗಿನ ರಸವನ್ನು ಅಪ್ಪಯ್ಯನ ನಾಲಿಗೆಯ ಅಡಿಗೆ ಹಿಂಡಿದರು. ಅದು ನಿಫೆಡಿಪಿನ್. ಸ್ವಲ್ಪ ಹೊತ್ತಿನಲ್ಲಿ ಕೆಂಪಾಗಿದ್ದ ಮುಖ ಇನ್ನಷ್ಟು ಕೆಂಪಾಗಿ, ಆಮೇಲೆ ಬಿಳುಚಿ, ಬೆವರೊಡೆದು, ಅಪ್ಪಯ್ಯ ಊಟದ ಹಾಲಿನ ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳ ಮೇಲೆ ತಾನೂ ಒಂದು ಚಾಪೆಯಂತೆ ಮಲಗಿಬಿಟ್ಟ. ಧಾರೆಗೆ ಎಬ್ಬಿಸಿದರೆ ಏಳಲಿಲ್ಲ. "ಎಂಥಾ ಪವರ್‌ಫುಲ್ ಮದ್ದು ನೋಡಿ" ಎಂದು ಕಾಂಪೌಂಡರಿಗೆ ಎರಡು ಹೋಳಿಗೆ ಹೆಚ್ಚು ಬಿತ್ತು.

ಆಗ ಎಲ್ಲ ಕಡೆಯೂ ಇದೇ ಪದ್ಧತಿ. ದೊಡ್ಡ ಆಸ್ಪತ್ರೆಗಳಲ್ಲೂ ಚುಚ್ಚಿ ಹಿಂಡುತ್ತಿದ್ದರು. ನಾಲಿಗೆಯ ಅಡಿಯಲ್ಲಿ ಆ ರಸ ಇಂಗುವುದು ತೀರಾ ಕಡಿಮೆ, ಉಗುಳಿನೊಡನೆ ನುಂಗಿದ್ದೇ ಕರುಳಿನಿಂದ ರಕ್ತ ಸೇರುತ್ತದೆ ಎಂಬುದು ಆಮೇಲೆ ತಿಳಿದ ಮಾತು. ಅಂತೂ ಸೇರುತ್ತದೆ, ಸೇರಿದ್ದು ರಕ್ತದಲ್ಲಿ ಒಮ್ಮೆಗೇ ಗುಡ್ಡದಂತೆ ಏರುತ್ತದೆ, ಒತ್ತಡ ಬಾವಿಗೆ ಬಿಟ್ಟ ಕೊಡದಂತೆ ಇಳಿಯುತ್ತದೆ. ಎರಡು ಗಂಟೆಗೆಲ್ಲ ಮದ್ದು ಅರ್ಧ ಖಾಲಿ. ಎಷ್ಟು ಇಳಿಯುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಹಾಗೆ ಇಳಿದ ಒತ್ತಡದಿಂದ ಪಾರ್ಶ್ವವಾಯು, ಹೃದಯಾಘಾತ ಆದ ಉದಾಹರಣೆಗಳನ್ನು ಪಟ್ಟಿ ಮಾಡಿ 1996ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ, ಇನ್ನು ಈ ಹಿಂಡಾಟ ಸಾಕು ಎಂದು ಡಾಕ್ಟರುಗಳೇ ಬರೆದರು. ಬೀಗರ ಕಾಫಿಯಿಂದಲ್ಲ, ಸೀರೆಯ ಪಿನ್ನಿನಿಂದ ಅಪ್ಪಯ್ಯ ಅವತ್ತು ಪಾರಾಗಿದ್ದ. ಆತನಿಗೆ ಇದನ್ನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಯವರೆಗೂ ಆತನ ದೃಷ್ಟಿಯಲ್ಲಿ ಮದ್ದೆಂದರೆ ಅದೇ. "ಹೊಡೆದರೆ ಹಾಗೆ ಹೊಡೀಬೇಕು. ಈಗಿನವು ಎಂತದು, ತಿಂದದ್ದೇ ಗೊತ್ತಾಗಲ್ಲ."

ತಿಂದದ್ದೇ ಗೊತ್ತಾಗದ ಮದ್ದು, ಅಂದರೆ ಅಮ್ಲೋಡಿಪಿನ್, ನಮ್ಮನೆಗೆ ಬಂದದ್ದು 1998ರ ಹೊತ್ತಿಗೆ. ಅದೂ ನಿಫೆಡಿಪಿನ್ನಿನ ಕುಲದ್ದೇ, ಆದರೆ ಸ್ವಭಾವದಲ್ಲಿ ಆನೆ. ನಿಧಾನಕ್ಕೆ ಏಳುತ್ತದೆ, ನಿಧಾನಕ್ಕೆ ನಡೆಯುತ್ತದೆ, ಹೋಗು ಎಂದರೂ ಬೇಗ ಹೋಗುವುದಿಲ್ಲ. ತಿಂದ ದಿನ ಏನೂ ಆಗಲಿಲ್ಲವೆಂದು ಅಪ್ಪಯ್ಯ ಎರಡನೇ ದಿನಕ್ಕೇ ಅದನ್ನು ಕೈಬಿಟ್ಟ. ಮತ್ತೆ ನೆನಪಾಗುತ್ತಿದ್ದದ್ದು ಪೇಟೆಯ ಡಾಕ್ಟರ ಹತ್ತಿರ ಹೋಗಲು ನಾಲ್ಕು ದಿನ ಇದೆ ಎನ್ನುವಾಗ. ಆ ನಾಲ್ಕು ದಿನ ಆತ ಮಾತ್ರೆಯ ವಿಷಯದಲ್ಲಿ ಸಂಧ್ಯಾವಂದನೆಗಿಂತ ಶ್ರದ್ಧೆಯವ. ಉಪ್ಪಿನಕಾಯಿಯನ್ನೂ ಮುಟ್ಟುತ್ತಿರಲಿಲ್ಲ. ಡಾಕ್ಟರು ಅಳೆದು "ಪರವಾಗಿಲ್ಲ, ಹೀಗೇ ಮುಂದುವರಿಸಿ" ಎನ್ನುತ್ತಿದ್ದರು. ಅಪ್ಪಯ್ಯ ಹಾಗೇ ಮುಂದುವರಿಸುತ್ತಿದ್ದ.

ಇದು ನಮ್ಮನೆಯೊಂದರದೇ ಕುಶಲತೆ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಲೋಕವೇ ಹೀಗೆ. ಮುಚ್ಚಳ ತೆರೆದಾಗಲೆಲ್ಲ ಹೊತ್ತು ಗುರುತಿಸಿಕೊಳ್ಳುವ ಡಬ್ಬಿಯಲ್ಲಿ ಬಿಪಿ ಮಾತ್ರೆ ತುಂಬಿ ಸಾವಿರಾರು ಜನರಿಗೆ ಕೊಟ್ಟು ನೋಡಿದ್ದಾರೆ. 2008ರಲ್ಲಿ ಬಂದ ಆ ಲೆಕ್ಕದ ಪ್ರಕಾರ ಒಂದು ವರ್ಷ ತುಂಬುವುದರೊಳಗೆ ಸುಮಾರು ಅರ್ಧ ಜನ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಎಷ್ಟು ಮದ್ದು ಕೊಟ್ಟರೂ ಬಿಪಿ ಇಳಿಯದವರ ಮೂತ್ರ, ರಕ್ತ ತೆಗೆದು ಪರೀಕ್ಷಿಸಿದರೆ ಅದರಲ್ಲಿ ಮದ್ದೇ ಇರುವುದಿಲ್ಲ, ಅಂಥವರು ಬೇಕಾದಷ್ಟು ಜನ. ಅಪ್ಪಯ್ಯನ ಅದೃಷ್ಟಕ್ಕೆ ಅಮ್ಲೋಡಿಪಿನ್ ಕಳ್ಳರಿಗೂ ಅನುಕೂಲ ಮಾಡಿಕೊಡುವ ಮದ್ದು. ನಾಲ್ಕು ದಿನ ಸರಿಯಾಗಿ ತಿಂದರೆ ಮುಕ್ಕಾಲು ಪಾಲು ಮಟ್ಟ ರಕ್ತದಲ್ಲಿ ಕೂಡಿರುತ್ತದೆ, ಡಾಕ್ಟರಿಗೆ ತೋರಿಸಿಕೊಳ್ಳಲು ಅಷ್ಟು ಸಾಕು. ಅಟೆನೊಲಾಲ್ ಆ ಥರದ್ದಲ್ಲ. ನಮ್ಮ ಚಿಕ್ಕಪ್ಪನಿಗೆ ಎದೆನೋವಿಗೆ, ಬಿಪಿಗೆ ಎರಡಕ್ಕೂ ಅದೇ ಮಾತ್ರೆ. ಆತ ಏಕಾದಶಿ ದಿನ ನೀರನ್ನೂ ಅಳೆದು ಕುಡಿಯುವವ, ಮಾತ್ರೆಯನ್ನು ಬಿಟ್ಟೇಬಿಟ್ಟ. ಆರೇಳು ಗಂಟೆಗೊಮ್ಮೆ ಅರ್ಧವಾಗುತ್ತಾ ಹೋಗುವ ಮದ್ದು ಅದು. ದ್ವಾದಶಿಯ ಬೆಳಗಿನ ಜಾವ ಎದೆ ಡವಡವ ಎಂದು, ಪಾರಣೆಗೆ ಮೊದಲೇ ಜೀಪಿನಲ್ಲಿ ಪೇಟೆಗೆ. ಆಮೇಲೆ ಆತ ಮಾತ್ರೆಯನ್ನು ಫಲಾಹಾರದ ಪಟ್ಟಿಗೆ ಸೇರಿಸಿಕೊಂಡ.

ಅಪ್ಪಯ್ಯನ ಕಳ್ಳಾಟ ಅಮ್ಮನ ಕಣ್ಣಿಗೆ ಬಿದ್ದಮೇಲೆ ಮಾತ್ರೆಯ ಖಾತೆ ಅವಳ ಕೈಗೆ ಹೋಯಿತು. ಈಗ ದಿನವೂ ತಪ್ಪದೆ ತಿನ್ನಬೇಕಾಯಿತಾದರೂ, ಮಾತ್ರೆ ಇದೆಯಲ್ಲ ಎಂಬ ಧೈರ್ಯದಲ್ಲಿ ಮಾವಿನಮಿಡಿ ಒಂದಿದ್ದದ್ದು ಎರಡಾಯಿತು. 2006ರಲ್ಲಿ ಡಾಕ್ಟರು 5 ಎಂಜಿಯನ್ನು 10 ಮಾಡಿದರು. ಬಿಪಿ ಚೂರು ಇಳಿಯಿತು. ಕಾಲು ಮಾತ್ರ ಹಲಸಿನ ಹಣ್ಣು. ಸಂಜೆಯಾದರೆ ಹವಾಯಿ ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತು ಹೋಗುತ್ತಿತ್ತು. ಮಣಿಗಂಟಿನ ಹತ್ತಿರ ಬೆರಳೊತ್ತಿದರೆ ಬಿದ್ದ ಗುಳಿ ನಾವು ಒಂದು ಕವಳ ಹಾಕಿಕೊಳ್ಳುವವರೆಗೂ ತುಂಬುತ್ತಿರಲಿಲ್ಲ. ಮೊಮ್ಮಕ್ಕಳಿಗೆ ಅದೊಂದು ಆಟ. ಅಜ್ಜನ ಕಾಲಿನಲ್ಲಿ ಚೆನ್ನೆಮಣೆ ಮಾಡಿ ಹುಣಸೆಬೀಜ ಇಟ್ಟು ನೋಡಿದ್ದವು. ಡಾಕ್ಟರು ಮತ್ತೆ 5ಕ್ಕೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟನ್ ಎಂಬ ಇನ್ನೊಂದನ್ನು ಸೇರಿಸಿದರು. ಕಾಲು ಇಳಿಯಿತು, ಬಿಪಿಯೂ ಇಳಿಯಿತು.

ಇದು ನನಗೆ ದೊಡ್ಡ ಸೋಜಿಗ. ಅಪ್ಪಯ್ಯನಿಗೆ ಏನೂ ಅಲ್ಲ. "ಮೈಲುತುತ್ತ ಎರಡು ಕೆಜಿ ಹಾಕಿದರೆ ಅಡಿಕೆ ಕೊಳೆರೋಗ ಎರಡು ಪಟ್ಟು ಬೇಗ ಹೋಗ್ತದಾ? ಕೊನೆ ಸುಟ್ಟು ಹೋಗ್ತದೆ ಅಷ್ಟೇ" ಎಂದ. ಆತನಿಗೆ ಔಷಧಶಾಸ್ತ್ರವೆಲ್ಲ ಬೋರ್ಡೋ ದ್ರಾವಣದ ಡ್ರಮ್ಮಿನಲ್ಲಿತ್ತು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಳೆಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆತ ತೋಟದಲ್ಲಿ ಐವತ್ತು ವರ್ಷ ಮಾಡಿದ್ದನ್ನೇ 2009ರಲ್ಲಿ ಲಂಡನ್ನಿನವರು 42 ಪ್ರಯೋಗಗಳನ್ನು ಒಟ್ಟುಹಾಕಿ ಹೇಳಿದರು: ಒಂದೇ ಬಿಪಿ ಮಾತ್ರೆಯನ್ನು ಇಮ್ಮಡಿ ಮಾಡುವುದಕ್ಕಿಂತ ಬೇರೆ ಜಾತಿಯ ಇನ್ನೊಂದನ್ನು ಸೇರಿಸಿದರೆ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆ. ಅದಕ್ಕೂ ಮುಂಚೆ, 2003ರಲ್ಲಿ, ಅದೇ ತಂಡದವರು 354 ಪ್ರಯೋಗ ನೋಡಿ ಇನ್ನೊಂದು ಮಾತು ಹೇಳಿದ್ದರು. ಮದ್ದನ್ನು ಅರ್ಧ ಮಾಡಿದರೆ ಗುಣ ಅರ್ಧವಾಗುವುದಿಲ್ಲ, ಐದರಲ್ಲಿ ಒಂದು ಪಾಲಷ್ಟೇ ಕಡಿಮೆಯಾಗುತ್ತದೆ. ಉಪದ್ರವ ಮಾತ್ರ ಬಹಳ ಇಳಿಯುತ್ತದೆ. ಹೀಗೆ ಅರ್ಧಕ್ಕೆ ಮುಕ್ಕಾಲಿಗಿಂತ ಹೆಚ್ಚು ಬೆಲೆ ಸಿಗುವ ವ್ಯಾಪಾರ ನಾನು ಅಡಿಕೆ ಮಂಡಿಯಲ್ಲಂತೂ ನೋಡಿಲ್ಲ.

ಅರ್ಧದ ಕತೆ ಶುರುವಾದದ್ದು 2010ರಲ್ಲಿ. ಅಪ್ಪಯ್ಯನಿಗೆ ಎಪ್ಪತ್ತೈದಾಗಿತ್ತು, ಮೈ ಇಳಿದಿತ್ತು. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಕಣ್ಣುಕತ್ತಲೆ. ವಯಸ್ಸಾದವರ ಮೈ ಈ ಮದ್ದನ್ನು ನಿಧಾನಕ್ಕೆ ಖಾಲಿ ಮಾಡುತ್ತದೆ, ಅದೇ ಮಾತ್ರೆ ತಿಂದರೂ ರಕ್ತದಲ್ಲಿ ಹೆಚ್ಚು ಕೂಡಿಕೊಳ್ಳುತ್ತದೆ ಎಂದು ಹೇಳಿ ಡಾಕ್ಟರು "ಇನ್ನು ಅರ್ಧ ಸಾಕು" ಎಂದರು. ಎರಡೂವರೆ ಎಂಜಿಯ ಮಾತ್ರೆಯೇ ಬರುತ್ತದೆ, ಆದರೆ ನಮ್ಮ ಕಡೆಯ ಮೆಡಿಕಲ್‌ನಲ್ಲಿ ಕೇಳಿದಾಗಲೆಲ್ಲ 'ನಾಳೆ ಬರ್ತದೆ'. ಹಾಗಾಗಿ ಅಡಕತ್ತರಿ. ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಮಾತ್ರೆ ಕೊಂಡೊಯ್ಯುವುದು ನನ್ನ ಕೆಲಸ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ಸವೆದವನು ನಾನು, ಲೆಕ್ಕ ತಪ್ಪಿದರೆ ರಾತ್ರಿ ನಿದ್ದೆ ಬಾರದು. ದಿನಕ್ಕೆ ಅರ್ಧವಾದರೆ ಹತ್ತರ ಒಂದು ಹಾಳೆ ಇಪ್ಪತ್ತು ದಿನ ಬರಬೇಕು. ಇಲ್ಲಿ ಹತ್ತೇ ದಿನಕ್ಕೆ ಮುಗಿಯುತ್ತಿತ್ತು. ಅಪ್ಪಯ್ಯ ಕದ್ದು ಇಡೀ ಮಾತ್ರೆ ತಿನ್ನುತ್ತಿದ್ದಾನೆಯೇ ಎಂದು ಕೇಳಿದರೆ ಆತ ಸಿಟ್ಟಾಗಿ, ಸಿಟ್ಟಾದದ್ದಕ್ಕೆ ಮರುದಿನ ದೊಡ್ಡ ಅರ್ಧಕ್ಕೆ ಗುರಿಯಾದ. ಅಮ್ಮನನ್ನು ಕೇಳಿದರೆ, "ಹಾರಿ ಹೋಗ್ತದೆ ಮಾರಾಯ, ಪುಡಿಯಾಗ್ತದೆ, ಇಲಿ ಬೇರೆ" ಎಂದಳು. ನಮ್ಮನೆ ಇಲಿಗಳಿಗೆ ಬಿಪಿ ಇದ್ದರೆ ಆಶ್ಚರ್ಯವಿಲ್ಲ, ಅವೂ ನಮ್ಮನೆಯವೇ ಎಂದು ಸುಮ್ಮನಾದೆ.

ನನ್ನ ಮಗಳು ಆಗ ಔಷಧಶಾಸ್ತ್ರ ಓದುತ್ತಿದ್ದಳು. 2013ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ದೊಡ್ಡ ಅರ್ಧ, ಸಣ್ಣ ಅರ್ಧದ ಶಾಸ್ತ್ರ ಅವಳ ಕಿವಿಗೆ ಬಿತ್ತು. ಹೊಸದಾಗಿ ಓದಿದವರಿಗೆ ತಪ್ಪು ಕಂಡರೆ ತಡೆಯದು. ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಗರಗಸದಂಥದೊಂದು ಗೆರೆ ಬರೆದಳು. ಹಲ್ಲುಹಲ್ಲಾಗಿ ಮೇಲೇರಿ, ಆಗುಂಬೆ ಘಾಟಿ ಹತ್ತಿ ಮುಗಿದ ಬಸ್ಸಿನಂತೆ ಒಂದು ಎತ್ತರಕ್ಕೆ ಬಂದ ಮೇಲೆ ಅಲ್ಲಲ್ಲೇ ಏರಿಳಿಯುತ್ತಾ ಹೋಗುವ ಗೆರೆ. ಅಜ್ಜಿಗೆ ಘಾಟಿಯಲ್ಲಿ ತಲೆಸುತ್ತುತ್ತದೆ. ಮಗಳು ಗೆರೆ ಬಿಟ್ಟು ಬಚ್ಚಲಿನ ಹಂಡೆಗೆ ಬಂದಳು.

"ಅಜ್ಜಿ, ಅಜ್ಜನ ಮೈ ಒಂದು ಹಂಡೆ ಅಂತ ಇಟ್ಕೋ. ಬುಡದಲ್ಲಿ ಸಣ್ಣ ತೂತಿದೆ. ನೀನು ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹೊಯ್ತೀಯ. ಇದ್ದ ನೀರಲ್ಲಿ ಅರ್ಧ ಸೋರಕ್ಕೆ ಎರಡು ದಿನ ಬೇಕು. ಹಾಗಾದ್ರೆ ಎರಡನೇ ಚೊಂಬು ಹೊಯ್ಯೋವಾಗ ಮೊದಲಿನದು ಮುಕ್ಕಾಲು ಹತ್ರಹತ್ರ ಅಲ್ಲೇ ಇರ್ತದೆ. ಹಿಂಗೇ ಕೂಡ್ತಾ ಕೂಡ್ತಾ ಹೋಗಿ, ಒಂದು ವಾರ ಕಳೆದ ಮೇಲೆ ನೀನು ದಿನಾ ಹೊಯ್ಯೋದೂ ಸೋರೋದೂ ಸಮ ಆಗ್ತದೆ. ಆಗ ಹಂಡೇಲಿ ಎಷ್ಟಿರ್ತದೆ ಗೊತ್ತಾ? ಹೊಯ್ದ ಕೂಡ್ಲೆ ಮೂರೂವರೆ ಚೊಂಬು. ಮಾರನೇ ದಿನ ಹೊಯ್ಯೋ ಮೊದಲು ಎರಡೂವರೆ."

"ಇರ್ಲಿ, ಅದಕ್ಕೆಂತ?"

"ಅದಕ್ಕೇ, ಇವತ್ತು ಚೊಂಬು ತುಂಬಾ ಹೊಯ್ದ್ಯೋ ಸ್ವಲ್ಪ ಕಡಿಮೆ ಹೊಯ್ದ್ಯೋ ಹಂಡೆಗೆ ದೊಡ್ಡ ವ್ಯತ್ಯಾಸ ಆಗಲ್ಲ. ಹಿಂದಿನ ಒಂದು ವಾರದ್ದೆಲ್ಲ ಅದರಲ್ಲಿ ಇರ್ತದಲ್ಲ. ಇನ್ನೊಂದು, ನೀನು ಎಂಟು ಗಂಟೆಗೆ ಕೊಟ್ಟದ್ದು ರಕ್ತದಲ್ಲಿ ಪೂರ್ತಿ ಏರಕ್ಕೆ ಆರು ಗಂಟೆಯಿಂದ ಹನ್ನೆರಡು ಗಂಟೆ ಬೇಕು. ಕೋರ್ಟು ಹನ್ನೊಂದಕ್ಕೆ. ಅಜ್ಜ ವಾಪಸ್ ಬಸ್ಸಲ್ಲಿ ನಿದ್ದೆ ಮಾಡೋವಾಗ ನಿನ್ನ ದೊಡ್ಡ ಅರ್ಧ ಕೆಲಸಕ್ಕೆ ಬರ್ತದೆ."

ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನಿಂದ ಅಡಕತ್ತರಿ ಒರೆಸಿದಳು. ಇಷ್ಟು ವರ್ಷ ತಾನು ಕೈಯಳತೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಸಿಟ್ಟು ತನ್ನ ಲೆಕ್ಕಕ್ಕೆ ಸಿಕ್ಕಿರಲೇ ಇಲ್ಲ ಎಂದರೆ ಯಾರಿಗಾದರೂ ಕಷ್ಟವೇ. ಅಪ್ಪಯ್ಯ ಮಾತ್ರ ಆರಾಮ ಕುರ್ಚಿಯಲ್ಲಿ ನೆಟ್ಟಗಾದ. ಆತನಿಗೆ ತನ್ನ ವಿಷಯ ಸಿಕ್ಕಿತ್ತು. "ಇದೇ ನಾನು ಹೇಳೋದು! ಹೊಡೆದ ಮದ್ದು ಕೊನೆ ಮೇಲೆ ನಿಂತಿರಬೇಕು. ಮಳೆ ತೊಳೀತಾ ಇರ್ತದೆ, ಪೂರ್ತಿ ತೊಳೆದು ಹೋಗೋದ್ರೊಳಗೆ ಮುಂದಿನದು ಬೀಳಬೇಕು. ಅಲ್ಲ ಪುಟ್ಟಿ, ನಾವಾದ್ರೆ ಡ್ರಮ್ಮಿಗೆ ಕತ್ತಿ ಅದ್ದಿ ನೋಡ್ತೇವೆ. ಕೆಂಪು ಬಣ್ಣ ಹಿಡೀತು ಅಂದ್ರೆ ತುತ್ತದ ಅಂಶ ಹೆಚ್ಚಿದೆ, ಸುಣ್ಣ ಹಾಕು ಅಂತ. ನಿಮ್ಮ ಡಾಕ್ಟ್ರು ನನ್ನ ರಕ್ತಕ್ಕೆ ಎಂತ ಅದ್ದಿ ನೋಡ್ತಾರೆ?"

ಒಳ್ಳೆಯ ಪ್ರಶ್ನೆ. ಅವಳು ಒಂದು ಕ್ಷಣ ತಡವರಿಸಿದ್ದು ನನಗೆ ನೆನಪಿದೆ. ಬಿಪಿ ಮದ್ದಿಗೆ ಯಾರೂ ದಿನನಿತ್ಯ ರಕ್ತದ ಮಟ್ಟ ನೋಡುವುದಿಲ್ಲವಂತೆ. ಮಟ್ಟ ಒಂದೇ ಇದ್ದರೂ ಒಬ್ಬೊಬ್ಬರ ರಕ್ತನಾಳ ಒಂದೊಂದು ಥರ ಕೇಳುತ್ತದೆ. ಅದಕ್ಕೇ ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನೇ ನೋಡುವುದು. ಅಪ್ಪಯ್ಯ ತಲೆಯಾಡಿಸಿದ. "ಅಂದ್ರೆ ಡ್ರಮ್ಮು ನೋಡಲ್ಲ, ಸೀದಾ ಕೊನೆಯನ್ನೇ ನೋಡ್ತಾರೆ. ಸರಿ ಬಿಡು, ನಡೀತದೆ."

ಅದೇ ರಜೆಯಲ್ಲಿ ಚಕ್ಕೋತದ ಜಗಳವೂ ಆಯಿತು. ಬಚ್ಚಲ ಕೊಟ್ಟಿಗೆಯ ಹಿಂದೆ ನಮ್ಮದೊಂದು ಚಕ್ಕೋತದ ಮರ, ಅಪ್ಪಯ್ಯನಿಗೆ ಪ್ರಾಣ. ಹಣ್ಣು ಬಿಡಿಸಿ, ಉಪ್ಪು ಮೆಣಸಿನಪುಡಿ ಹಚ್ಚಿ, ಬಾಳೆಲೆಯ ತುಂಡಿನಲ್ಲಿ ಹರಡಿಕೊಂಡು ಕೂತರೆ ಕೇಸು ಕೂಡ ಮರೆತು ಹೋಗುವುದು. ಪುಟ್ಟಿ ಅದಕ್ಕೂ ಅಡ್ಡ ಬಂದಳು. ಕೆನಡಾದಲ್ಲಿ ಡೇವಿಡ್ ಬೇಯ್ಲಿ ಎಂಬ ವಿಜ್ಞಾನಿ ಫೆಲೋಡಿಪಿನ್ ಎಂಬ ಬಿಪಿ ಮದ್ದಿನ ಜೊತೆ ಮದ್ಯ ಕುಡಿದರೆ ಏನಾಗುತ್ತದೆ ಎಂದು ನೋಡಹೊರಟರಂತೆ. ಮದ್ಯದ ರುಚಿ ಗೊತ್ತಾಗದಿರಲೆಂದು ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ಬೆರೆಸಿದರು. ನೋಡಿದರೆ ಮದ್ಯ ಕುಡಿದವರಲ್ಲೂ ಕುಡಿಯದವರಲ್ಲೂ ಮದ್ದಿನ ಮಟ್ಟ ಎಣಿಸಿದ್ದಕ್ಕಿಂತ ಎಷ್ಟೋ ಮೇಲೆ. ಯಂತ್ರ ಕೆಟ್ಟಿತೇ, ಮಾತ್ರೆ ತಪ್ಪಿತೇ ಎಂದೆಲ್ಲ ಹುಡುಕಿ, ಕೊನೆಗೆ ಹಣ್ಣಿನ ರಸದ ಮೇಲೆ ಅನುಮಾನ ಬಂದು ಅವರು ತಮ್ಮ ಮೈಮೇಲೇ ಪ್ರಯೋಗಿಸಿಕೊಂಡರು. ರಸದ ಜೊತೆ ನುಂಗಿದರೆ ಮದ್ದಿನ ಮಟ್ಟ ಐದು ಪಟ್ಟು! 1991ರಲ್ಲಿ ಅದನ್ನು ಪ್ರಕಟಿಸಿದರು. ಮದ್ದಿನ ಬಹುಪಾಲನ್ನು ಕರುಳಿನ ಗೋಡೆಯಲ್ಲೇ ಕತ್ತರಿಸಿ ಹಾಕುವ ಒಂದು ಕಿಣ್ವ ಇದೆ, ಹಣ್ಣಿನ ರಸ ಅದರ ಬಾಯಿ ಕಟ್ಟಿಬಿಡುತ್ತದೆ.

"ಅದಕ್ಕೂ ನನ್ನ ಚಕ್ಕೋತಕ್ಕೂ ಎಂತ ಸಂಬಂಧ?"

"ಗ್ರೇಪ್‌ಫ್ರೂಟಿನ ಅಪ್ಪ ಅಮ್ಮ ಯಾರು ಗೊತ್ತಾ ಅಜ್ಜ? ಚಕ್ಕೋತ, ಕಿತ್ತಳೆ. ಬಾಯಿ ಕಟ್ಟೋ ಗುಣ ಬಂದದ್ದು ಚಕ್ಕೋತದ ಕಡೆಯಿಂದ."

ಅಪ್ಪಯ್ಯ ಎಲೆಯಲ್ಲಿದ್ದ ತೊಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಇಬ್ಬರಲ್ಲೂ ಒಂದು ರಾಜಿಯಾಯಿತು. ಅಮ್ಲೋಡಿಪಿನ್ ಮೊದಲೇ ಕರುಳನ್ನು ಬಹುಪಾಲು ದಾಟುವ ಮದ್ದು, ಅದರ ಮೇಲೆ ಈ ರಸದ ಆಟ ಹೆಚ್ಚು ನಡೆಯುವುದಿಲ್ಲ, ಆದ್ದರಿಂದ ಎರಡು ತೊಳೆ ಅಡ್ಡಿಯಿಲ್ಲ, ಉಪ್ಪು ಮಾತ್ರ ಬೇಡ. ಉಪ್ಪಿಲ್ಲದ ಚಕ್ಕೋತವನ್ನು ಆತ ಬಾಯಿಗಿಟ್ಟು ಹೇಳಿದ, "ನಮಗೂ ಕೆನಡಾದವರಿಗೂ ಯಾವ ಜನ್ಮದ ಋಣವೋ. ಕೊಳೆಗೆ ಬೋರ್ಡೋ ಹೊಡೀರಿ ಅಂತ ಮೈಸೂರು ಸೀಮೆಗೆ ಹೇಳಿಕೊಟ್ಟ ಕೋಲ್ಮನ್ ದೊರೆಯೂ ಅಲ್ಲಿಯವನೇ. ಅವನು ಅಡಿಕೆ ಉಳಿಸಿದ. ಇವನು ಚಕ್ಕೋತ ತೆಗೆದ."

ಆ ವರ್ಷ ಅಮ್ಮನ ಶಾಸ್ತ್ರ ಬಾಯಲ್ಲಿ ಮಾತ್ರ ನಿಂತಿತು. ಅಡಕತ್ತರಿಯ 'ಟಕ್' ನಿಲ್ಲಲಿಲ್ಲ. ಹಾಳೆ ಹತ್ತೇ ದಿನಕ್ಕೆ ಮುಗಿಯುವುದೂ ನಿಲ್ಲಲಿಲ್ಲ. ಬೆಳಿಗ್ಗೆ ಕೊಡುವುದೋ ರಾತ್ರಿ ಕೊಡುವುದೋ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದಳು. ಬ್ರಿಟನ್ನಿನಲ್ಲಿ 21,104 ಜನರನ್ನು ವರ್ಷಗಟ್ಟಲೆ ನೋಡಿ, ಯಾವಾಗ ತಿಂದರೂ ಒಂದೇ, ತಿನ್ನುವುದು ಮುಖ್ಯ ಎಂದು ಹೇಳಿದ್ದು 2022ರಲ್ಲಿ. ಅಷ್ಟು ದಿನ ಕಾಯಲು ಅಪ್ಪಯ್ಯನಿಗೆ ಪುರುಸೊತ್ತಾಗಲಿಲ್ಲ. 2014ರ ನವೆಂಬರಿನಲ್ಲಿ, ಕೊಯ್ಲು ಶುರುವಾಗಿ ಅಂಗಳದಲ್ಲಿ ಅಡಿಕೆ ಹರಡಿದ್ದಾಗ, ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಕೇಸು ಇನ್ನೂ ನಡೆಯುತ್ತಿತ್ತು.

ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಪುಟ್ಟಿ ಅಡುಗೆಮನೆಯ ನಾಗಂದಿಗೆಯ ಮೇಲಿನ ಡಬ್ಬಿಗಳನ್ನು ಇಳಿಸುತ್ತಿದ್ದಳು. ಹಿಂದೆ, ಮೆಣಸಿನಪುಡಿ ಡಬ್ಬಿಯ ಮರೆಯಲ್ಲಿ, ಒಂದು ಹಾರ್ಲಿಕ್ಸ್ ಬಾಟಲಿ. ಅದರ ತುಂಬ ಅಕ್ಕಿನುಚ್ಚಿನಂಥ ಬಿಳೀ ಚೂರುಗಳು. ಎಷ್ಟೋ ಮಳೆಗಾಲದ ಥಂಡಿ ಹಿಡಿದು ಬುಡದಲ್ಲಿದ್ದವು ಪುಡಿಯಾಗಿ ಅಂಟಿಕೊಂಡಿದ್ದವು. ಅವಳು ಮೊರಕ್ಕೆ ಸುರಿದು, ಬೆರಳಿನಲ್ಲಿ ಹರಡಿದಳು. ನಾನೂ ಬಗ್ಗಿ ನೋಡಿದೆ. ಎಲ್ಲವೂ ಸಣ್ಣ ಅರ್ಧಗಳು. ಮೊರದಲ್ಲಿ ಎಲ್ಲಿ ಹುಡುಕಿದರೂ ಒಂದೇ ಒಂದು ದೊಡ್ಡ ಅರ್ಧ ಇರಲಿಲ್ಲ. ನನ್ನ ನಾಲ್ಕು ವರ್ಷದ ಲೆಕ್ಕ ಅಲ್ಲಿ ಪೈಸೆಗೆ ಪೈಸೆ ತಾಳೆಯಾಯಿತು.

"ಅಜ್ಜಿ, ಕೋರ್ಟಿಲ್ಲದ ದಿನ ಸಣ್ಣದು ಕೊಡ್ತೇನೆ ಅಂತಿದ್ಯಲ್ಲ?"

ಅಮ್ಮ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ. "ಹೇಳೋದು ಹೇಳ್ತಿದ್ದೆ. ಎರಡು ಅಂಗೈಯಲ್ಲಿ ಇಟ್ಕೊಂಡ್ರೆ ಅವರಿಗೆ ಸಣ್ಣದು ಎತ್ತಿ ಕೊಡಕ್ಕೆ ಕೈ ಬರ್ಬೇಕಲ್ಲ."

"ಮತ್ತೆ ಇದನ್ನ ಬಿಸಾಡಬಹುದಿತ್ತಲ್ಲ. ಥಂಡಿಯಾಗಿದೆ, ಇನ್ನು ಪ್ರಯೋಜನ ಇಲ್ಲ."

ಅಮ್ಮ ಎದ್ದು ಬಂದು ಮೊರವನ್ನು ಅವಳ ಕೈಯಿಂದ ತೆಗೆದುಕೊಂಡಳು. ಚೂರುಗಳನ್ನೆಲ್ಲ ಒಂದು ಮೂಲೆಗೆ ಕೇರಿ, ಬಾಟಲಿಗೆ ತುಂಬಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಮತ್ತೆ ನಾಗಂದಿಗೆಯ ಮೇಲೆ ಅದೇ ಜಾಗದಲ್ಲಿಟ್ಟಳು.

"ಇರ್ಲಿ ಬಿಡು. ನಾಳೆ ನಿನ್ನ ಅಪ್ಪಂಗೂ ಬಿಪಿ ಬರ್ತದೆ."